ಸುಬ್ಬಯ್ಯ ಕಟ್ಟಿದ ಒಂದು ಹಗಲಿನ ಕಾರ್ಖಾನೆ

ಬಿ.ಸಿ.ರೋಡಿನ ಸುಬ್ಬಯ್ಯನಿಗೆ ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಕೊಯ್ಲು ಮುಗಿದ ಗದ್ದೆ ಇರಲಿ, ಶಾಲೆಯ ಅಂಗಳ ಇರಲಿ, ಸಾವಿನ ಮನೆಯ ಎದುರಿನ ಓಣಿಯೇ ಇರಲಿ, ಒಮ್ಮೆ ಕಣ್ಣು ಹಾಯಿಸಿದನೆಂದರೆ ಕಂಬ ಎಲ್ಲಿ, ಬಾಗಿಲು ಯಾವ ದಿಕ್ಕಿಗೆ, ಅಡುಗೆಯ ಹೊಗೆ ಯಾರ ಮೂಗಿಗೆ ಎಂಬುದೆಲ್ಲ ತಲೆಯೊಳಗೆ ತಯಾರು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಅತ್ತ ಮೂಡುಬಿದಿರೆಯವರೆಗೆ, ಅವನ ಶಾಮಿಯಾನದ ನೆರಳಿನಲ್ಲಿ ಊಟ ಮಾಡದವರು ಕಡಿಮೆ. ನೆರಿಯದಲ್ಲಿ ಆನೆ ತಿರುಗುವ ಕಾಡಂಚಿಗೆ ಟೆಂಪೊ ನುಗ್ಗಿಸಿ ಮಂಟಪ ಎಬ್ಬಿಸಿದ ಗಟ್ಟಿಗ. "ಸುಬ್ಬಯ್ಯಣ್ಣನ ಮಂಟಪದಲ್ಲಿ ಮಂಗನನ್ನು ಕೂರಿಸಿದ್ರೂ ಮದುಮಗನ ಹಾಗೆ ಕಾಣ್ತದೆ" ಎಂದು ಊರವರು ನಗೆಯಾಡುತ್ತಾರೆ. ಅದಕ್ಕೆ ಅವನು, "ಕೆಲವು ಸಲ ಕೂರಿಸಿದ್ದೂ ಉಂಟು" ಎನ್ನುತ್ತಾನೆ.

ಅಂಥ ಮನುಷ್ಯ ಈಗ ಕಾರ್ಕಳದ ರಸ್ತೆಯಲ್ಲಿ ಬೆಳುವಾಯಿ ಬಂದಾಗ ಎಡಕ್ಕೂ ನೋಡುವುದಿಲ್ಲ, ಬಲಕ್ಕೂ ನೋಡುವುದಿಲ್ಲ. ಸ್ಟೇರಿಂಗಿನ ಮೇಲೆ ಕಣ್ಣು ನೆಟ್ಟು ದಾಟಿ ಬಿಡುತ್ತಾನೆ. ಅದರ ಕತೆ ಇದು.

ಜೂನ್ ತಿಂಗಳು. ಶಾಮಿಯಾನದವರಿಗೆ ಅದು ನಿದ್ದೆಯ ಕಾಲ. ಕಂಬಗಳು ಗೋದಾಮಿನಲ್ಲಿ ಮಲಗಿದ್ದವು, ಕುರ್ಚಿಗಳು ಒಂದರ ಮಡಿಲಲ್ಲಿ ಒಂದು ಕೂತಿದ್ದವು. ಸುಬ್ಬಯ್ಯ ಬಟ್ಟೆಗಳಿಗೆ ಜಿರಳೆ ಬರದಂತೆ ಕರ್ಪೂರ ಇಡುತ್ತಿದ್ದಾಗ ನಿತೇಶ್ ಬಂದ. ನಿತೇಶ್ ಹಲವು ವರ್ಷ ದುಬೈಯಲ್ಲಿದ್ದು ಬಂದ ಹುಡುಗ. ಈಗ ಮಂಗಳೂರಿನಲ್ಲಿ ಆಫೀಸು. ಹೊರದೇಶದಿಂದ ಮಾಲು ತರಿಸಿ ಸರಕಾರದ ಇಲಾಖೆಗಳಿಗೆ ಕೊಡುವ ವ್ಯಾಪಾರ. ಅವನ ಮದುವೆಯ ಮಂಟಪವೂ ಸುಬ್ಬಯ್ಯನದೇ.

"ಸುಬ್ಬಯ್ಯಣ್ಣ, ನನಗೊಂದು ಕಾರ್ಖಾನೆ ಬೇಕಿತ್ತು."

"ಅದಕ್ಕೆ ಇಂಜಿನಿಯರ್ ಹತ್ರ ಹೋಗುದು. ನನ್ನ ಹತ್ರ ಎಂಥಕ್ಕೆ ಬಂದದ್ದು?"

"ಒಂದು ಹಗಲಿಗೆ ಸಾಕು."

ಸುಬ್ಬಯ್ಯನ ಕೈಯಲ್ಲಿದ್ದ ಕರ್ಪೂರ ಕೈಯಲ್ಲೇ ಉಳಿಯಿತು.

ವಿಷಯ ಇಷ್ಟು. ಜಿಲ್ಲೆಯ ಅಂಗನವಾಡಿಗಳಿಗೆ ಮಕ್ಕಳನ್ನು ತೂಗುವ ಹೊಸ ತಕ್ಕಡಿ ಕೊಡಲು ಇಲಾಖೆ ಟೆಂಡರ್ ಕರೆದಿತ್ತು. ನಿತೇಶನ ತಕ್ಕಡಿಗಳು ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವಂಥವು. ಕೇಂದ್ರದ ಹಣ ಸೇರಿದ ಖರೀದಿಯಾದ್ದರಿಂದ ದೇಶದಲ್ಲೇ ತಯಾರಾದ ಮಾಲಿಗೇ ಆದ್ಯತೆ. ಕಾರ್ಖಾನೆ ಉಂಟೋ ಇಲ್ಲವೋ ಎಂದು ನೋಡಲು ಅಧಿಕಾರಿಗಳು ಬರುತ್ತಾರೆ.

"ನಿಮ್ಮ ಭಾಷೆಯಲ್ಲೇ ಹೇಳ್ತೇನೆ" ಎಂದ ನಿತೇಶ್. "ಸರಕಾರದ ಖರೀದಿ ಅಂದ್ರೆ ಒಂದು ಮದುವೆ ಊಟ. ಅರ್ಧಕ್ಕಿಂತ ಹೆಚ್ಚು ಇಲ್ಲೇ ಮಾಡಿದವರಿಗೆ ಮೊದಲ ಪಂಕ್ತಿ. ಸ್ವಲ್ಪ ಇಲ್ಲಿ, ಉಳಿದದ್ದು ಹೊರಗೆ ಅನ್ನುವವರಿಗೆ ಎರಡನೇ ಪಂಕ್ತಿ. ಪೂರ್ತಿ ಹೊರಗಿಂದ ತಂದವ ಅಂಗಳದ ಹೊರಗೆ ನಿಲ್ಲುದು. ಮೊದಲ ಪಂಕ್ತಿಯಲ್ಲೇ ಅನ್ನ ಮುಗಿದ್ರೆ ಮತ್ತೆ ಎಲೆ ಹಾಕುದೇ ಇಲ್ಲ."

"ಹಾಗೆ ಮಾಡಿದ್ರೆ ಹೊರಗಿನ ದೇಶದವರು ಜಗಳಕ್ಕೆ ಬರುದಿಲ್ವಾ?"

"ಬರ್ಲಿಕ್ಕೆ ಅವರಿಗೆ ಬಾಯಿಲ್ಲ. ಸರಕಾರಿ ಖರೀದಿಯ ಬಗ್ಗೆ ಜಿನೀವಾದಲ್ಲಿ ಒಂದು ಒಪ್ಪಂದ ಉಂಟು. ಸಹಿ ಹಾಕಿದ ದೇಶಗಳು, ನಿಮ್ಮ ಮನೆ ಊಟಕ್ಕೆ ನಮ್ಮವರು ಬರ್ತಾರೆ, ನಮ್ಮ ಮನೆಗೆ ನಿಮ್ಮವರು ಬನ್ನಿ ಅಂತ ಮಾತು ಮಾಡಿಕೊಂಡಿದ್ದಾರೆ. ನಮ್ಮವರು ಅದಕ್ಕೆ ಸಹಿ ಹಾಕಲಿಲ್ಲ. ಚಾವಡಿಯಲ್ಲಿ ಕೂತು ನೋಡ್ತಾರೆ, ಅಷ್ಟೆ. ಹಾಗಾಗಿ ನಮ್ಮ ಪಂಕ್ತಿ ನಮ್ಮ ಇಷ್ಟ. ದುಬೈಯಲ್ಲಿ ನಾನೇ ನೋಡಿದ್ದೇನೆ, ಅಲ್ಲಿಯ ಸರಕಾರಿ ಕಂಪೆನಿಗಳೂ ಮೊದಲು ಕೇಳುದು, ನಿನ್ನಿಂದ ನಮ್ಮ ದೇಶದಲ್ಲಿ ಎಷ್ಟು ಕೆಲಸ ಆಗ್ತದೆ ಅಂತ. ಅಮೆರಿಕದವರದ್ದೂ ಅದೇ ರಾಗ. ಎಲ್ಲರೂ ಬಾಗಿಲು ತೆರೆದಿದ್ದೇವೆ ಅಂತಾರೆ, ಹೊಸಿಲಲ್ಲಿ ಕಾಲು ಅಡ್ಡ ಇಟ್ಟಿರ್ತಾರೆ."

"ಮತ್ತೆ ಇದು ಮೋಸ ಅಲ್ವಾ ಮಾರಾಯ?"

"ತಕ್ಕಡಿಯಲ್ಲಿ ಎಂಥ ಮೋಸವೂ ಇಲ್ಲ. ಮಗು ಕೂತ್ರೆ ಸರಿಯಾದ ತೂಕ ತೋರಿಸ್ತದೆ. ವೇಷ ಹಾಕುದು ಶೆಡ್ಡಿಗೆ ಮಾತ್ರ."

ಸುಬ್ಬಯ್ಯ ಬೇಡ ಎನ್ನಬಹುದಿತ್ತು. ಕೈಯಲ್ಲಿ ಕಾಸಿಲ್ಲದ ತಿಂಗಳು ಎಂಬುದು ನಿಜ, ಆದರೆ ಅವನು ಒಪ್ಪಿದ್ದು ಅದಕ್ಕಲ್ಲ. ಇಷ್ಟು ವರ್ಷ ಅವನನ್ನು ಮದುವೆ ಕೇಳಿದ್ದರು, ಸತ್ತವರ ಉತ್ತರಕ್ರಿಯೆಯ ಬೊಜ್ಜ ಕೇಳಿದ್ದರು, ಮಂತ್ರಿಗಳ ವೇದಿಕೆ ಕೇಳಿದ್ದರು. ಕಾರ್ಖಾನೆ ಯಾರೂ ಕೇಳಿರಲಿಲ್ಲ. ಅವನ ತಲೆಯೊಳಗೆ ಆಗಲೇ ಕಂಬಗಳು ಏಳುತ್ತಿದ್ದವು. ಆ ಖುಷಿಯನ್ನು ಈಗ ನೆನೆದರೆ ಅವನಿಗೆ ಬಾಯಿ ಕಹಿಯಾಗುತ್ತದೆ.

ಹೆಂಡತಿ ಜಲಜಾಕ್ಷಿ ಕೇಳಿ ಸೊಂಟಕ್ಕೆ ಕೈ ಇಟ್ಟಳು. "ಬೊಜ್ಜಕ್ಕೂ ಸೀಮಂತಕ್ಕೂ ಒಂದೇ ಕುರ್ಚಿ ಹಾಕುವವರು ನೀವು. ನಿಮಗೆ ಯಾವುದು ಒಳ್ಳೆದು, ಯಾವುದು ಕೆಟ್ಟದ್ದು ಅಂತ ಗೊತ್ತಾಗುದು ಯಾವಾಗ?"

"ಇದು ನಾಟಕದ ಸೀನು ಇದ್ದ ಹಾಗೆ."

"ನಾಟಕಕ್ಕೆ ಟಿಕೇಟು ತಗೊಂಡವ್ರಿಗೆ ಅದು ನಾಟಕ ಅಂತ ಗೊತ್ತಿರ್ತದೆ."

ಸುಬ್ಬಯ್ಯ ಟೆಂಪೊ ಹತ್ತಿ ಮೂಡುಬಿದಿರೆಗೆ ಹೊರಟ.

ತಕ್ಕಡಿ ಮಾಡುವ ಜಾಗ ಹೇಗಿರುತ್ತದೆ ಎಂದು ಅವನಿಗೆ ತಿಳಿಯಬೇಕಿತ್ತು. ತಿಳಿಸಲು ಅವನಿಗೊಬ್ಬ ಸ್ನೇಹಿತನಿದ್ದ, ಸಂಪತ್‌ಕುಮಾರ. ಮೂಡುಬಿದಿರೆಯ ಹಳೆಯ ಜೈನ ಮನೆತನ. ಅವನ ತಂದೆ ಪೇಟೆಯಲ್ಲಿ ತಕ್ಕಡಿ ಮಾರುತ್ತಿದ್ದರು, ರಿಪೇರಿ ಮಾಡುತ್ತಿದ್ದರು. ಸುಬ್ಬಯ್ಯ ಹುಡುಗನಾಗಿ ಪಕ್ಕದ ಜವಳಿ ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಮಧ್ಯಾಹ್ನದ ಊಟ ಆ ಮನೆಯಲ್ಲೇ. ಸಂಪತ್‌ಕುಮಾರ ಈಗ ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ತಕ್ಕಡಿಗಳನ್ನು ತಾನೇ ತಯಾರಿಸುತ್ತಾನೆ. ತಟ್ಟೆ ಬಡಿಯಲು ಹುಕ್ರಪ್ಪ ಎಂಬ ಹಳೆಯ ಕೆಲಸಗಾರ, ವಯರು ಬೆಸೆಯಲು ಹೆಂಡತಿ ಪ್ರಭಾವತಿ.

"ನಾಟಕದವರು ಕಾರ್ಖಾನೆ ಸೀನು ಕೇಳಿದ್ದಾರೆ. ನೋಡಿಕೊಂಡು ಹೋಗುವ ಅಂತ ಬಂದೆ" ಎಂದ ಸುಬ್ಬಯ್ಯ. ಹೆಂಡತಿಗೆ ಹೇಳಿದ ಮಾತೇ. ಇಲ್ಲಿ ಅದು ನಾಲಿಗೆಯ ಮೇಲೆ ಇನ್ನೂ ಸಲೀಸಾಗಿ ಜಾರಿತು.

ಸಂಪತ್‌ಕುಮಾರನಿಗೆ ತನ್ನ ಕೆಲಸ ಕೇಳುವವರು ಸಿಕ್ಕರೆ ಹಬ್ಬ. ಒಂದೊಂದಾಗಿ ತೋರಿಸಿದ. ತೂಕ ಪರೀಕ್ಷಿಸುವ ಮೇಜು ಕಿಟಕಿಯ ಗಾಳಿ ತಾಗದ ಮೂಲೆಯಲ್ಲಿರಬೇಕು ಎಂದ. ಪಾಸಾದದ್ದು ಬಲಕ್ಕೆ, ಆಗದ್ದು ಎಡಕ್ಕೆ, ಎರಡೂ ಬೆರೆಯಬಾರದು ಎಂದ. ಸುಬ್ಬಯ್ಯ ಮೊಬೈಲಿನಲ್ಲಿ ಫೋಟೊ ತೆಗೆದ. ಪ್ರಭಾವತಿ ಕಾಫಿ ತಂದಳು.

"ಈ ಸಲ ನನಗೊಂದು ದೊಡ್ಡ ಆರ್ಡರ್ ಸಿಗ್ತದೆ ಅಂತ ಕಾಣ್ತದೆ ಮಾರಾಯ" ಎಂದ ಸಂಪತ್‌ಕುಮಾರ. "ಅಂಗನವಾಡಿಗಳದ್ದು. ಮೊದಲಾದ್ರೆ ಹೊರಗಿನ ಮಾಲಿನ ಎದುರು ನಾನು ನಿಲ್ಲುವ ಹಾಗೇ ಇರಲಿಲ್ಲ. ಈಗ ನಿಯಮ ಬಂದಿದೆ, ಇಲ್ಲಿ ಮಾಡಿದವನಿಗೆ ಮೊದಲು ಅಂತ. ಎಲ್ಲಿಯೋ ಕೂತವರು ನನ್ನ ಹಾಗಿನವನನ್ನು ನೆನಪು ಮಾಡಿದ್ದಾರೆ ನೋಡು."

ಕಾಫಿಯ ಲೋಟ ಸುಬ್ಬಯ್ಯನ ತುಟಿಯ ಬಳಿ ಇತ್ತು. ಆಗ ಅವನು ಅದನ್ನು ಕೆಳಗಿಡಬೇಕಿತ್ತು. ಇಡಲಿಲ್ಲ. ಪೂರ್ತಿ ಕುಡಿದ. "ಸಿಗ್ಲಿ, ಸಿಗ್ಲಿ" ಎಂದ. ಎದ್ದು ಹೊರಡುವಾಗ ಸಂಪತ್‌ಕುಮಾರ ತಂದೆಯ ಕಾಲದ ಹಿತ್ತಾಳೆಯ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ಟೆಂಪೊದಲ್ಲಿಟ್ಟ. "ಸೀನಿಗೆ ಕಳೆ ಬರ್ತದೆ, ತಗೊಂಡು ಹೋಗು. ನಾಟಕ ಯಾವಾಗ ಅಂತ ಹೇಳು, ನಾವಿಬ್ರೂ ಬರ್ತೇವೆ."

ಬೆಳುವಾಯಿಯಲ್ಲಿ ನಿಂತುಹೋದ ಒಂದು ಗೇರುಬೀಜದ ಶೆಡ್ಡನ್ನು ನಿತೇಶ್ ಬಾಡಿಗೆಗೆ ಹಿಡಿದಿದ್ದ. ಸುಬ್ಬಯ್ಯ ಅಲ್ಲಿ ತನ್ನ ವಿದ್ಯೆಯನ್ನೆಲ್ಲ ಸುರಿದ. ಊಟದ ಮೇಜುಗಳಿಗೆ ನೀಲಿ ರೆಕ್ಸಿನ್ ಹೊದಿಸಿದ. ಬಂಟ್ವಾಳದ ಗುಜರಿ ಅಂಗಡಿಯ ಅಬ್ದುಲ್ ಶುಕೂರ್ ಬಳಿಯಿಂದ ಒಂದು ಹಳೆಯ ಲೇಥು, ಒಂದು ಡ್ರಿಲ್ ತಂದ.

"ತಿರುಗುದಿಲ್ಲ ಅದು" ಎಂದಿದ್ದರು ಶುಕೂರ್.

"ತಿರುಗುದು ಬೇಡ ಶುಕೂರ್ ಕಾಕ. ನಿಂತ್ರೆ ಸಾಕು."

"ಹಾಗಾದ್ರೆ ನನ್ನ ಭಾವನನ್ನೂ ತಗೊಂಡು ಹೋಗು. ಅವನೂ ನಿಲ್ಲುವುದು ಮಾತ್ರ."

ಬೀಡಿ ಕಟ್ಟುವ ಕೆಲವು ಹೆಂಗಸರನ್ನು ನಿತೇಶ್ ಕರೆತಂದಿದ್ದ. ಬಡಿಸುವ ಹುಡುಗರ ಬಿಳಿ ಟೊಪ್ಪಿ, ಏಪ್ರನ್ನುಗಳನ್ನು ಸುಬ್ಬಯ್ಯ ಅವರಿಗೆ ತೊಡಿಸಿದ. ಒಬ್ಬಳು ಮೂಸಿ ನೋಡಿ, "ಇದರಲ್ಲಿ ಇನ್ನೂ ಕೋಳಿ ಗಸಿಯ ವಾಸನೆ ಉಂಟಣ್ಣ" ಎಂದಳು. ಎಲ್ಲರೂ ನಕ್ಕರು. ಹಡಗಿನಲ್ಲಿ ಬಂದ ತಕ್ಕಡಿಗಳ ಹಿಂಬದಿಯ ತಿರುಪು ಬಿಚ್ಚಿ ಮತ್ತೆ ಹಾಕುವುದೇ ಅವರ ಕೆಲಸ. ಗಾಳಿ ತಾಗದ ಮೂಲೆಯಲ್ಲಿ ಪರೀಕ್ಷೆಯ ಮೇಜು, ಪಾಸಾದದ್ದು ಬಲಕ್ಕೆ, ಆಗದ್ದು ಎಡಕ್ಕೆ. ಬಾಗಿಲ ಎದುರಿಗೇ ಹಿತ್ತಾಳೆಯ ತಕ್ಕಡಿ.

ಎಲ್ಲ ಇಟ್ಟಾದ ಮೇಲೆ ಸುಬ್ಬಯ್ಯ ಬಾಗಿಲಲ್ಲಿ ನಿಂತು ನೋಡಿದ. ಏನೋ ಕಮ್ಮಿ. ಹೆಣ್ಣಿಗೆ ಎಲ್ಲ ಒಡವೆ ಹಾಕಿ ಹೂ ಮುಡಿಸಲು ಮರೆತ ಹಾಗೆ. ಆಮೇಲೆ ಹೊಳೆಯಿತು. ನಮ್ಮ ಕಡೆ ಬಸ್ಸಿನ ಸ್ಟೇರಿಂಗಿನಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಆಯುಧಪೂಜೆಯ ಗುರುತಿಲ್ಲದ ಯಂತ್ರ ಉಂಟೇ? ನವರಾತ್ರಿಯಲ್ಲಿ ಹಚ್ಚಿದ ಗಂಧ ಕುಂಕುಮ ಅಲ್ಲೇ ಕಪ್ಪಾಗುತ್ತದೆ, ಚೆಂಡುಹೂವಿನ ಮಾಲೆ ಅಲ್ಲೇ ಒಣಗುತ್ತದೆ, ಮುಂದಿನ ವರ್ಷದವರೆಗೆ ಯಾರೂ ತೆಗೆಯುವುದಿಲ್ಲ. ಗುರುತಿಲ್ಲದ ಯಂತ್ರ ನಿನ್ನೆ ಬಂದ ಯಂತ್ರ.

ಹೊಸ ಮಾಲೆ ತರಿಸಿದ. ಗ್ಯಾಸ್ ಒಲೆಯ ಮೇಲೆ ಹಂಚಿಟ್ಟು, ಹಪ್ಪಳದ ಹಾಗೆ ಮಗುಚಿ ಮಗುಚಿ ಒಣಗಿಸಿದ. ಗಂಧಕ್ಕೆ ಚೂರು ಮಸಿ ಬೆರೆಸಿದ, ಕುಂಕುಮಕ್ಕೆ ಎಣ್ಣೆ. ಲೇಥಿಗೆ, ಡ್ರಿಲ್ಲಿಗೆ, ಮೇಜಿನ ಕಾಲಿಗೆ, ಸ್ವಿಚ್ ಬೋರ್ಡಿನ ಪಕ್ಕದ ಕಂಬಕ್ಕೆ ಹಚ್ಚಿದ. ಹಚ್ಚಿ ಮುಗಿದಾಗ, ಅಭ್ಯಾಸ ನೋಡಿ, ಕೈ ತಾನಾಗಿ ಮುಗಿಯಿತು. ಕಣ್ಣು ಮುಚ್ಚಿದ. 'ಎಲ್ಲ ಸರಿಯಾಗಿ ನಡೆಸಿ ಕೊಡು' ಎಂದು ಮನಸ್ಸಿನಲ್ಲೇ ಕೇಳಿಕೊಂಡ. ಏನು ಸರಿಯಾಗಿ ನಡೆಯಬೇಕೆಂದು ಕೇಳಿಕೊಳ್ಳುತ್ತಿದ್ದೇನೆ ಎಂಬುದು ಕಣ್ಣು ಬಿಟ್ಟ ಮೇಲೆ ಹೊಳೆಯಿತು.

ಮಂಗಳೂರಿನಿಂದ ಬಂದ ಅಧಿಕಾರಿ ಒಬ್ಬರು ಮೇಡಂ. ಚುರುಕು ಕಣ್ಣಿನವರು. ಮೇಜು ನೋಡಿದರು, ತಕ್ಕಡಿ ತಿರುಗಿಸಿ ನೋಡಿದರು, ಮುಖದಲ್ಲಿ ಸಂಶಯ ಹಾಗೇ ಇತ್ತು. ಲೇಥಿನ ಬಳಿ ನಿಂತು ಒಣಗಿದ ಮಾಲೆಯನ್ನು ಬೆರಳಿನಿಂದ ಮುಟ್ಟಿದರು. ಒಂದು ಎಸಳು ಉದುರಿತು.

"ಕಳೆದ ನವರಾತ್ರಿಯದ್ದಾ?"

"ಹೌದು ಮೇಡಂ" ಎಂದ ಸುಬ್ಬಯ್ಯ. ಅವನು ಅಲ್ಲಿ ಮೇಸ್ತ್ರಿಯ ವೇಷದಲ್ಲಿದ್ದ. "ನಡುವಿನಲ್ಲಿ ತೆಗೆಯುವ ಕ್ರಮ ಇಲ್ಲ ನಮ್ಮಲ್ಲಿ."

ಮೇಡಂ ಮುಖ ಸಡಿಲಿಸಿದರು. "ಬೋರ್ಡು ಮಾತ್ರ ಹಾಕಿದ ಎಷ್ಟೋ ಶೆಡ್ಡುಗಳನ್ನು ನೋಡಿದ್ದೇನೆ. ಇಲ್ಲಿ ಕೆಲಸ ನಡೆಯುತ್ತದೆ ಅಂತ ಗೊತ್ತಾಗ್ತದೆ." ಹಿತ್ತಾಳೆಯ ತಕ್ಕಡಿಯ ಎದುರು ನಿಂತು ಫೋಟೊ ತೆಗೆಸಿಕೊಂಡರು. ಕಾರು ಹತ್ತುವಾಗ ಚಾಲಕನಿಗೆ, "ಇನ್ನು ಮೂಡುಬಿದಿರೆಯದ್ದು ಒಂದು ಸಣ್ಣದುಂಟು, ಅದನ್ನೂ ಮುಗಿಸುವ" ಎಂದರು.

ಆ 'ಸಣ್ಣದು' ಎಂಬ ಮಾತು ಸುಬ್ಬಯ್ಯನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಕೂತಿತು. ಸಂಜೆಯೊಳಗೆ ಶೆಡ್ಡು ಖಾಲಿ ಮಾಡಿದ.

ಆರ್ಡರ್ ನಿತೇಶನಿಗೆ ಹೋಯಿತು. ಹಿತ್ತಾಳೆಯ ತಕ್ಕಡಿ ಹಿಂದೆ ಕೊಡಲು ಹೋದಾಗ ಪ್ರಭಾವತಿಯೇ ಹೇಳಿದಳು. "ಬಂದವರು ಇದೇನು ಅಡುಗೆಮನೆಯ ಹಿಂದೆ ಇಷ್ಟೇ ಜಾಗವಾ ಅಂತ ಕೇಳಿದ್ರು ಅಣ್ಣ. ಬೆಳುವಾಯಿಯಲ್ಲಿ ದೊಡ್ಡ ಫ್ಯಾಕ್ಟರಿ ಉಂಟಂತೆ. ಅವರಷ್ಟು ಬೇಗ ನಮ್ಮಿಂದ ಕೊಡ್ಲಿಕ್ಕೆ ಆಗುದಿಲ್ಲ ಅಂದ್ರು." ಸಂಪತ್‌ಕುಮಾರ ಏನೂ ಆಗದವನಂತೆ, "ನಾಟಕ ಹೇಗಾಯ್ತು? ನಮ್ಮನ್ನು ಕರೆಯಲೇ ಇಲ್ಲ" ಎಂದ. ಮಳೆಯಿಂದ ನಿಂತಿತು ಎಂದು ಸುಬ್ಬಯ್ಯ ಮೂರನೆಯ ಸುಳ್ಳು ಹೇಳಿದ. ಹುಕ್ರಪ್ಪ ಕೆಲಸವಿಲ್ಲದೆ ಗ್ಯಾಸ್ ಗೋದಾಮಿಗೆ ಸಿಲಿಂಡರ್ ಇಳಿಸಲು ಸೇರಿದ್ದನ್ನು ಅಂದೇ ಕೇಳಿದ.

ಹೊಸ ತಕ್ಕಡಿಗಳು ಬಂದಾಗ ಸುಬ್ಬಯ್ಯ ತನ್ನ ವಠಾರದ ಅಂಗನವಾಡಿಗೆ ಕಾರಣವಿಲ್ಲದೆ ಹೋದ. ತಕ್ಕಡಿ ತಪ್ಪು ತೂಗಲಿ ಎಂದು ಹರಕೆ ಹೊರುವುದೊಂದು ಬಾಕಿ. ತಪ್ಪಿದರೆ ನಿತೇಶನನ್ನು ಬೈದು ಹಗುರಾಗಬಹುದಿತ್ತು. ಟೀಚರು ಮಗುವನ್ನು ಕೂರಿಸಿದರು, ಇಳಿಸಿದರು, ಮತ್ತೆ ಕೂರಿಸಿದರು. ತಕ್ಕಡಿ ಕೂದಲೆಳೆಯಷ್ಟೂ ತಪ್ಪಲಿಲ್ಲ. "ಒಳ್ಳೆ ಮಾಲು ಸುಬ್ಬಯ್ಯಣ್ಣ, ನಮ್ಮ ಬೆಳುವಾಯಿಯದ್ದೇ ಅಂತೆ" ಎಂದರು ಟೀಚರು. ಅವನಿಗೆ ದೂರಲು ತನ್ನನ್ನು ಬಿಟ್ಟು ಯಾರೂ ಉಳಿಯಲಿಲ್ಲ.

ಮಳೆ ಬಿಟ್ಟು ಹಬ್ಬಗಳೂ ಕಳೆದ ಮೇಲೆ ಒಂದು ಬೆಳಿಗ್ಗೆ ಸಂಪತ್‌ಕುಮಾರ ಬಿ.ಸಿ.ರೋಡಿಗೇ ಬಂದ. ಕೈಚೀಲದಲ್ಲಿ ತಾನು ಮಾಡಿದ ಎರಡು ತಟ್ಟೆಗಳು.

"ಬೆಳುವಾಯಿಯ ಆ ಫ್ಯಾಕ್ಟರಿ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ ಮಾರಾಯ. ನೀನು ಕಂಬ ಊರದ ಊರಿಲ್ಲ, ನಿನಗೆ ಗೊತ್ತಿರ್ಬೇಕು. ನನ್ನನ್ನು ಕರ್ಕೊಂಡು ಹೋಗು."

"ಜಗಳ ಮಾಡ್ಲಿಕ್ಕಾ?" ಎಂದ ಸುಬ್ಬಯ್ಯ.

"ಜಗಳವಾ? ಕೆಲಸ ಕೇಳ್ಲಿಕ್ಕೆ. ಅಷ್ಟು ದೊಡ್ಡವರಾದ್ರೆ ತಟ್ಟೆ ಹೊರಗಿಂದ ಮಾಡಿಸ್ತಾರೆ. ನನ್ನ ತಟ್ಟೆ ನೋಡಿದ್ರೆ ಬೇಡ ಅನ್ನುದಿಲ್ಲ. ಹುಕ್ರಪ್ಪನನ್ನು ಪುನಃ ಕರೀಬಹುದು."

ಗೊತ್ತಿಲ್ಲ ಎಂದು ಹೇಳಿ ಕಳಿಸಲು ಸುಬ್ಬಯ್ಯ ಬಾಯಿ ತೆರೆದ. ಜಲಜಾಕ್ಷಿ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. "ಹೋಗುವ" ಎಂದುಬಿಟ್ಟ.

ದಾರಿಯುದ್ದಕ್ಕೂ ಸಂಪತ್‌ಕುಮಾರನೇ ಮಾತಾಡಿದ. ಪೇಪರು ಬಿಡದೆ ಓದುವವನು. ಇಂಗ್ಲೆಂಡಿನ ಜೊತೆ ನಮ್ಮವರು ಒಪ್ಪಂದ ಮಾಡಿಕೊಂಡದ್ದು, ಅದರಲ್ಲಿ ಕೇಂದ್ರ ಸರಕಾರದ ಖರೀದಿಯ ಬಾಗಿಲನ್ನು ಅವರಿಗೆ ತುಸು ತೆರೆದದ್ದು, ದುಬೈಯವರಿಗೆ ಇನ್ನೂ ಮೊದಲೇ ಸ್ವಲ್ಪ ತೆರೆದದ್ದು ಎಲ್ಲ ಹೇಳಿದ. "ಆದ್ರೆ ಅದು ದೊಡ್ಡ ದೊಡ್ಡ ಖರೀದಿಗೆ. ನಮ್ಮ ಹಾಗಿನ ಸಣ್ಣವರದ್ದನ್ನು ಇನ್ನೂ ಮುಟ್ಟಲಿಲ್ಲ. ನಮ್ಮ ಮಾಲೂ 'ನಮ್ಮವರಿಗೆ ಮೊದಲು' ಅನ್ನುವ ಎಷ್ಟೋ ದೇಶಗಳಲ್ಲಿ ಅಂಗಳದ ಹೊರಗೇ ನಿಲ್ಲುದಲ್ವಾ? ಅಲ್ಲಿಯ ತಕ್ಕಡಿಯವನಿಗೂ ಹೆಂಡತಿ ಮಕ್ಕಳಿರ್ತಾರೆ. ಯಾರಿಗೆ ಸರಿ ಯಾರಿಗೆ ತಪ್ಪು ಅಂತ ನನಗೆ ತಿಳಿಯುದಿಲ್ಲ. ನಿಯಮ ಅಂತ ಒಂದುಂಟಲ್ಲ, ಅದರ ಪ್ರಕಾರ ಬೆಳುವಾಯಿಯವ ಗೆದ್ದ. ಅವನೂ ಇಲ್ಲಿಯವನೇ. ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ."

ಬೆಳುವಾಯಿಯಲ್ಲಿ ಸುಬ್ಬಯ್ಯ ಬೇಕೆಂದೇ ಸುತ್ತಿಸಿದ. ಆ ಓಣಿಗೆ ಹೋದ, ಈ ಓಣಿಗೆ ಬಂದ. ಸಂಪತ್‌ಕುಮಾರ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಂಡವರನ್ನೆಲ್ಲ ಕೇಳಿದ. ಅಂಗಡಿಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು, "ಮಳೆಗಾಲದಲ್ಲಿ ಒಂದು ದಿನ ಗೇರುಬೀಜದ ಶೆಡ್ಡಲ್ಲಿ ಹೆಂಗಸರು ಟೊಪ್ಪಿ ಹಾಕಿ ಕೂತಿದ್ರು. ಶೂಟಿಂಗ್ ಅಂತೆ" ಎಂದು ಕೈ ತೋರಿಸಿಬಿಟ್ಟಳು.

ಶೆಡ್ಡಿನ ಬಾಗಿಲಿಗೆ ಬೀಗವಿರಲಿಲ್ಲ. ಒಳಗೆ ಯಾರದೋ ಎರಡು ಆಡುಗಳು ಮಲಗಿದ್ದವು. ಸಂಪತ್‌ಕುಮಾರ ಕತ್ತಲಿಗೆ ಕಣ್ಣು ಹೊಂದಿಸಿಕೊಳ್ಳುತ್ತ ಸ್ವಿಚ್ ಬೋರ್ಡಿನ ಪಕ್ಕದ ಕಂಬದ ಬಳಿ ನಿಂತ. ಮುಖ ಅರಳಿತು.

"ಏ ಸುಬ್ಬಯ್ಯ, ಇಲ್ಲಿ ನೋಡು. ಇದು ನಮ್ಮವರದ್ದು!"

ಕಂಬದ ಮೇಲೆ ಕುಂಕುಮದ ಸ್ವಸ್ತಿಕ. ಅದರ ಮೇಲೆ ಮೂರು ಚುಕ್ಕೆ, ಅದರ ಮೇಲೆ ಬಾಗಿದ ಅರ್ಧಚಂದ್ರ, ಚಂದ್ರನ ಮಡಿಲಲ್ಲಿ ಇನ್ನೊಂದು ಚುಕ್ಕೆ. ಜೈನರಲ್ಲದೆ ಬೇರೆ ಯಾರೂ ಹಾಗೆ ಬರೆಯುವುದಿಲ್ಲ. ಸುಬ್ಬಯ್ಯ ಮೊಬೈಲಿನ ಫೋಟೊ ನೋಡಿ, ಸಂಪತ್‌ಕುಮಾರನ ಮೇಜಿನಲ್ಲಿ ಹೇಗಿತ್ತೋ ಹಾಗೆ, ಅರ್ಥ ತಿಳಿಯದೆ ನಕಲು ಮಾಡಿದ್ದ.

"ಜೈನರ ಫ್ಯಾಕ್ಟರಿ! ನಮ್ಮವರೇ ಆದ್ರೆ ಮತ್ತೆಂಥ ಚಿಂತೆ? ಕೆಲಸ ಕೊಟ್ಟೇ ಕೊಡ್ತಾರೆ. ಯಾವ ಮನೆಯವರು ಅಂತ ಕೇಳಿ ನೋಡುವ. ಜಾಗ ಬದಲಿಸಿರ್ಬೇಕು." ಅವನು ಕೈಚೀಲವನ್ನು ಎದೆಗೆ ಒತ್ತಿಕೊಂಡಿದ್ದ.

ಸಂಶಯಪಟ್ಟಿದ್ದರೆ, ಕಾಲರ್ ಹಿಡಿದಿದ್ದರೆ ಸುಬ್ಬಯ್ಯ ಇನ್ನೊಂದು ಸುಳ್ಳು ಹೇಳುತ್ತಿದ್ದನೋ ಏನೋ. ಆ ಸಂತೋಷದ ಎದುರು ಅವನಿಂದ ನಿಲ್ಲಲಾಗಲಿಲ್ಲ.

"ಸಂಪತ್, ಅದನ್ನು ಬರೆದದ್ದು ನಾನು."

"ನೀನಾ? ನೀನು ಎಂಥಕ್ಕೆ..."

"ನಿನ್ನ ಮೇಜಿನಲ್ಲಿದ್ದದ್ದು ನೋಡಿ ಬರೆದೆ. ಫ್ಯಾಕ್ಟರಿ ಇಲ್ಲ. ಒಂದು ಹಗಲು ಇತ್ತು. ನಾನೇ ಕಟ್ಟಿದ್ದು, ನಾನೇ ಬಿಚ್ಚಿದ್ದು."

ಸಂಪತ್‌ಕುಮಾರ ಕಂಬದ ಕುಂಕುಮವನ್ನು ಬೆರಳಿನಿಂದ ಉಜ್ಜಿ ನೋಡಿದ. "ನಾಟಕದ ಸೀನು ಅಂದದ್ದು..."

"ಇದೇ ನಾಟಕ."

"ನಾನು ಟೆಂಡರ್ ಹಾಕಿದ್ದು ನಿನಗೆ ಗೊತ್ತಿತ್ತಾ?"

"ಕಾಫಿ ಕುಡಿಯುವಾಗ ಗೊತ್ತಾಯ್ತು."

"ಮತ್ತೂ ಮಾಡಿದೆ."

"ಮಾಡಿದೆ."

ಸಂಪತ್‌ಕುಮಾರ ಹೊರಗೆ ಬಂದು ರಸ್ತೆಗೆ ನಡೆದ, ಮೂಡುಬಿದಿರೆಯ ಬಸ್ಸಿಗೆ ಕೈ ಮಾಡಿ ಹತ್ತಿದ. ಸುಬ್ಬಯ್ಯ ಟೆಂಪೊದಲ್ಲಿ ಆ ಬಸ್ಸಿನ ಹಿಂದೆಯೇ ಹೋದ. ಓವರ್‌ಟೇಕ್ ಮಾಡಲು ಧೈರ್ಯವಾಗಲಿಲ್ಲ, ಹಿಂದೆ ಉಳಿಯಲು ಮನಸ್ಸಾಗಲಿಲ್ಲ. ಬಸ್ಸು ನಿಂತಲ್ಲೆಲ್ಲ ನಿಂತ. ಸ್ಟ್ಯಾಂಡಿನಲ್ಲಿ ಇಳಿದ ಸಂಪತ್‌ಕುಮಾರ ಹಿಂತಿರುಗಿ ನೋಡದೆ ಮನೆಯ ದಾರಿ ಹಿಡಿದ.

ಮರುದಿನ ಸುಬ್ಬಯ್ಯ ಮಂಗಳೂರಿಗೆ ಹೋಗಿ ಮೇಡಂ ಎದುರು ನಿಂತ. ಅವರು ನಂಬಲೇ ಇಲ್ಲ.

"ನಾನು ಕಣ್ಣಾರೆ ನೋಡಿದ್ದೇನ್ರಿ. ನಿಮಗೆ ಅವರ ಮೇಲೆ ಏನಾದರೂ ದ್ವೇಷ ಉಂಟಾ?"

"ದ್ವೇಷ ಇಲ್ಲ ಮೇಡಂ. ಬೇಕಾದ್ರೆ ಇನ್ನೊಮ್ಮೆ ಕಟ್ಟಿ ತೋರಿಸ್ತೇನೆ."

ಬಾಯಿತಪ್ಪಿ ಬಂದ ಮಾತು. ಆದರೆ ಇಲಾಖೆಯವರು ಅದನ್ನೇ ಹಿಡಿದರು. ವಿಚಾರಣೆಯ ದಿನ ಬೆಳುವಾಯಿಯ ಅದೇ ಶೆಡ್ಡಿಗೆ ಸುಬ್ಬಯ್ಯ ತನ್ನ ಮೇಜುಗಳನ್ನು ಮತ್ತೆ ಹೊತ್ತು ತಂದ. ನಿತೇಶ್ ಬರಲಿಲ್ಲ. ಫೋನಿನಲ್ಲಿ ಮಾತ್ರ, "ನನ್ನ ಜೊತೆ ನೀವೂ ಮುಳುಗ್ತೀರಿ, ನೆನಪಿರಲಿ" ಎಂದಿದ್ದ. ಟೆಂಡರ್ ಹಾಕಿದ ಇನ್ನೊಬ್ಬನೆಂದು ಸಂಪತ್‌ಕುಮಾರನನ್ನು ಕರೆಸಿದ್ದರು. ಅವನು ಗೋಡೆಗೆ ಒರಗದೆ, ಕೂರದೆ, ನೆಟ್ಟಗೆ ನಿಂತಿದ್ದ.

ಹಳೆಯ ಫೋಟೊಗಳನ್ನು ಕೈಯಲ್ಲಿ ಹಿಡಿದು ಅಧಿಕಾರಿಗಳು ನೋಡುತ್ತ ಹೋದರು, ಸುಬ್ಬಯ್ಯ ಇಡುತ್ತ ಹೋದ. ನೀಲಿ ರೆಕ್ಸಿನ್. ಲೇಥು. ಗಾಳಿ ತಾಗದ ಮೂಲೆಗೆ ಪರೀಕ್ಷೆಯ ಮೇಜನ್ನು ಸರಿಸುವಾಗ, ಅದನ್ನು ತನಗೆ ಹೇಳಿಕೊಟ್ಟವನ ಎರಡು ಕಣ್ಣು ಬೆನ್ನಿನ ಮೇಲೆ ಇವೆಯೆಂದು ಅವನಿಗೆ ಗೊತ್ತಿತ್ತು. ಬಲಕ್ಕೆ ಪಾಸಾದದ್ದು. ಎಡಕ್ಕೆ ಆಗದ್ದು. ಮದುವೆಗೆ ಕಂಬ ಹೊರುವಾಗ ಬಾರದ ಬೆವರು ಅಂದು ಬಂತು. ಅಧಿಕಾರಿಯೊಬ್ಬರು ತಡೆಯಲಾರದೆ, "ಭಾರೀ ಕೈಚಳಕ ಮಾರಾಯ್ರೆ!" ಎಂದರು. ಸುಬ್ಬಯ್ಯ ತಲೆ ಎತ್ತದೆ ಮುಂದಿನ ಮೇಜಿಗೆ ಕೈ ಹಾಕಿದ.

"ಇಲ್ಲಿ ಹೂವಿನ ಮಾಲೆ ಇತ್ತು" ಎಂದರು ಮೇಡಂ, ಫೋಟೊ ತೋರಿಸಿ. ಅವರ ಮುಖವೂ ಸಣ್ಣದಾಗಿತ್ತು.

"ಅದನ್ನು ಹಾಕುದಿಲ್ಲ ಮೇಡಂ. ಹೇಗೆ ಒಣಗಿಸಿದ್ದು ಅಂತ ಹೇಳ್ತೇನೆ, ಬರ್ಕೊಳ್ಳಿ. ಇನ್ನೊಮ್ಮೆ ಹಾಕುದಿಲ್ಲ."

ನಿತೇಶನ ಕಂಪೆನಿ ಕೆಲವು ಕಾಲ ಸರಕಾರಕ್ಕೆ ಏನೂ ಮಾರುವಂತಿಲ್ಲ ಎಂದಾಯಿತು. ಸುಬ್ಬಯ್ಯನ ಮೇಲೂ ಕೇಸು ಬಂತು, ಅದು ಇನ್ನೂ ನಡೆಯುತ್ತಿದೆ. ಬಿ.ಸಿ.ರೋಡಿನಲ್ಲಿ ಅವನಿಗೆ 'ಕಾರ್ಖಾನೆ ಸುಬ್ಬಯ್ಯ' ಎಂಬ ಹೆಸರು ಬಿತ್ತು. ಅದನ್ನೆಲ್ಲ ಅವನು ಕುಡಿಯಬೇಕಾದ ಕಷಾಯವೆಂದು ನುಂಗಿದ. ನುಂಗಲಾಗದ್ದು ಬೇರೆ. ಬಾಕಿ ತಕ್ಕಡಿಗಳಿಗೆ ಹೊಸ ಟೆಂಡರ್ ಕರೆಯುವಾಗ, ಇನ್ನು ಯಾರೂ ವೇಷ ಹಾಕಬಾರದೆಂದು ಇಲಾಖೆ ಷರತ್ತು ಬಿಗಿ ಮಾಡಿತು. ಕಾರ್ಖಾನೆ ಇಷ್ಟು ದೊಡ್ಡದಿರಬೇಕು, ಇಷ್ಟು ಕಾಲದಿಂದ ಇಷ್ಟು ವಹಿವಾಟು ಇರಬೇಕು. ಅಡುಗೆಮನೆಯ ಹಿಂದಿನ ತಗಡಿನ ಮಾಡಿಗೆ ಅರ್ಜಿ ಹಾಕುವ ಯೋಗ್ಯತೆಯೇ ಉಳಿಯಲಿಲ್ಲ. ಆರ್ಡರ್ ಬೇರೆ ರಾಜ್ಯದ, ನಿಜವಾಗಿಯೂ ಇರುವ ಒಂದು ದೊಡ್ಡ ಕಾರ್ಖಾನೆಗೆ ಹೋಯಿತು.

"ನಾನು ಸತ್ಯ ಹೇಳಿದ್ದರಿಂದ ಸಂಪತ್‌ಕುಮಾರನಿಗೆ ಎಂಥ ಸಿಕ್ಕಿತು?" ಎಂದು ಸುಬ್ಬಯ್ಯ ಹೆಂಡತಿಯನ್ನು ಕೇಳಿದ.

"ಸುಳ್ಳು ಹೇಳುವ ಮೊದಲು ಹಾಗೆ ಲೆಕ್ಕ ಹಾಕಿದ್ರಾ?" ಎಂದಳು ಜಲಜಾಕ್ಷಿ.

ಮರುವರ್ಷ ಭಾದ್ರಪದದಲ್ಲಿ, ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ, ಅವರ ಕ್ಷಮಾವಣಿಯ ದಿನ ಬಂತು. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಅಂದು ಅವರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಸಂಜೆ ಬಿಸಿಲು ಇನ್ನೂ ಇರುವಾಗ ಸಂಪತ್‌ಕುಮಾರ ಸುಬ್ಬಯ್ಯನ ಅಂಗಳದಲ್ಲಿ ನಿಂತಿದ್ದ. ಬೆಳುವಾಯಿಯ ವಿಚಾರಣೆಯ ನಂತರ ಇಬ್ಬರೂ ಮುಖ ನೋಡಿರಲಿಲ್ಲ.

"ಒಳಗೆ ಬಾ" ಎಂದ ಸುಬ್ಬಯ್ಯ, ಹೊರಗೆ ಹೇಗೆ ಬಂದೆನೆಂದು ತಿಳಿಯದೆ.

"ಇಲ್ಲೇ ಸಾಕು." ಸಂಪತ್‌ಕುಮಾರ ಚಪ್ಪಲಿ ಕಳಚಿ ಕೈ ಮುಗಿದ. "ನೀನು ಆ ಮೇಜುಗಳನ್ನು ಇಡುತ್ತಾ ಇದ್ದ ದಿನ, ಇವನ ಕೈ ಬಿದ್ದು ಹೋಗಲಿ ಅಂತ ಮನಸ್ಸಿನಲ್ಲಿ ಶಪಿಸಿದ್ದೇನೆ. ಆಮೇಲೂ ಶಪಿಸಿದ್ದೇನೆ. ಅದು ತಪ್ಪು. ಕ್ಷಮಿಸು."

ಸುಬ್ಬಯ್ಯನಿಗೆ ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ. ಓಡಿ ಹೋಗಿ ಬಿಡಿಸಬೇಕೆನಿಸಿತು, ಮುಟ್ಟಲು ಕೈ ಬರಲಿಲ್ಲ. ತಾನೂ ಅದೇ ಮಾತು ಹೇಳಬೇಕೆಂದು ತಿಳಿದಿತ್ತು. ಎಷ್ಟೋ ಸಲ ಟೆಂಪೊದಲ್ಲಿ ಒಬ್ಬನೇ ಹೇಳಿ ನೋಡಿದ್ದ.

"ಗೊತ್ತಿದ್ದೋ ಗೊತ್ತಿಲ್ಲದೆಯೋ ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ ಸಂಪತ್" ಎಂದ. "ನನ್ನದು ಗೊತ್ತಿದ್ದೇ ಮಾಡಿದ್ದು."

"ಹೌದು" ಎಂದ ಸಂಪತ್‌ಕುಮಾರ. "ಅದಕ್ಕೇ ನನಗೆ ಇನ್ನೂ ಕಷ್ಟ ಆಗ್ತಾ ಉಂಟು."

ಜಲಜಾಕ್ಷಿ ಒಳಗಿನಿಂದ ಬೆಲ್ಲದ ತುಂಡು, ನೀರು ತಂದಳು. ಸಂಪತ್‌ಕುಮಾರ ಪಡುವಣದ ಕಡೆ ನೋಡಿದ. ಸಂಜೆಗತ್ತಲಾದ ಮೇಲೆ ಅವನು ಏನನ್ನೂ ಬಾಯಿಗಿಡುವವನಲ್ಲ, ಸೂರ್ಯ ಇನ್ನೂ ಮುಳುಗಿರಲಿಲ್ಲ. ನೀರನ್ನು ನಿಂತೇ ಕುಡಿದು ಲೋಟವನ್ನು ಜಗಲಿಯ ಮೇಲಿಟ್ಟ, ಬೆಲ್ಲವನ್ನು ಮುಟ್ಟಲಿಲ್ಲ. ಸುಬ್ಬಯ್ಯ ಗೇಟಿನವರೆಗೆ ಹಿಂದೆ ಹಿಂದೆ ನಡೆದ.